ಎಂಟು ಖಾಲಿ ಮನೆ

ಹಲ್ಲಿನ ಡಾಕ್ಟರಮ್ಮ ಕೊಟ್ಟ ಎರಡು ಟಿಕೆಟ್‌ಗಳು ಅಡುಗೆಮನೆಯ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಕೊಂಡು ಹನ್ನೆರಡು ದಿನ ತೂಗಾಡಿದವು. ಮೇಷ್ಟ್ರು ಅವನ್ನು ಬಿಸಾಡಲೂ ಇಲ್ಲ, ಅವುಗಳ ಕಡೆ ನೋಡಲೂ ಇಲ್ಲ. ಸಕ್ಕರೆ ಡಬ್ಬಿಗೆ ಕೈ ಹಾಕುವಾಗಲೂ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೇ ಹಾಕುತ್ತಿದ್ದರು. ಒಂದು ದಿನ ಹಾಗೆ ಮಾಡಲು ಹೋಗಿ ಚಹಾಕ್ಕೆ ಉಪ್ಪು ಬೆರೆಸಿಕೊಂಡು, ಅದನ್ನು ಒಪ್ಪಿಕೊಳ್ಳಲಾರದೆ ಲೋಟ ಪೂರ್ತಿ ಕುಡಿದರು.

ಶಾಯಮ್ಮ ನೋಡಿಯೂ ನೋಡದವಳ ಹಾಗೆ ಇದ್ದಳು. ನಲವತ್ತು ವರ್ಷ ಒಬ್ಬರ ಜೊತೆ ಬಾಳಿದ ಮೇಲೆ, ಯಾವಾಗ ಮಾತಾಡಬೇಕು ಎನ್ನುವುದಕ್ಕಿಂತ ಯಾವಾಗ ಸುಮ್ಮನಿರಬೇಕು ಎನ್ನುವುದು ಚೆನ್ನಾಗಿ ತಿಳಿದಿರುತ್ತದೆ.

ಟಿಕೆಟ್ಟಿನ ಮೇಲೆ ‘ಎರಡನೇ ತಾರಸಿ’ ಎಂದು ಅಚ್ಚಾಗಿತ್ತು. ಭಾನುವಾರ, ಮಧ್ಯಾಹ್ನ ಮೂರು ಗಂಟೆ, ಪುರಭವನ. ಮೊದಲನೆಯದು ಯಾವುದು ಎಂದು ಆ ಊರಿನಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಒಂದಾನೊಂದು ಕಾಲದಲ್ಲಿ ಬೇಕರಿಯೊಂದರ ತಾರಸಿಯ ಮೇಲೆ ಏಳು ಜನ ಸೇರಿ ಹಾಡು ಕಟ್ಟುತ್ತಿದ್ದರು. ಅವರೇ ತಾರಸಿ ತಂಡ. ಕೆಳಗಿನಿಂದ ಬ್ರೆಡ್ಡಿನ ವಾಸನೆ ಮೇಲೇರುತ್ತಿತ್ತು, ಮೇಲಿನಿಂದ ಹಾಡು ಕೆಳಗಿಳಿಯುತ್ತಿತ್ತು. ಅವರ ರೆಕಾರ್ಡು ಇಲ್ಲದ ಮನೆ ಇರಲಿಲ್ಲ. ಆ ತಂಡ ಒಡೆದು ಎಷ್ಟೋ ಕಾಲವಾಗಿತ್ತು. ನಾಯಕನೂ ಗಾಯಕಿಯೂ ತೀರಿಕೊಂಡಿದ್ದರು. ಈಗ ಈ ಎರಡನೇ ತಾರಸಿಯವರು ಆ ಹಾಡುಗಳನ್ನೇ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ, ಅದೇ ವಾದ್ಯ, ಅದೇ ಉಡುಪು, ಅದೇ ನಿಲುವಿನಲ್ಲಿ ನುಡಿಸುತ್ತಾರಂತೆ. ಹಗಲು ಹೊತ್ತು ಒಬ್ಬ ಗಣಿತದ ಮೇಷ್ಟ್ರು, ಒಬ್ಬ ಅಂಚೆಯವನು, ಒಬ್ಬಳು ಹಲ್ಲಿನ ಡಾಕ್ಟರು. ಡಾಕ್ಟರಮ್ಮ ಊದುವುದು ಟ್ರಂಪೆಟ್.

“ನೀವು ಸ್ವಲ್ಪ ಊದ್ತಿದ್ದೆ ಅಂದಿದ್ರಲ್ಲ ಸರ್, ಅದಕ್ಕೇ ಕೊಡ್ತಿದೀನಿ,” ಎಂದಿದ್ದಳು ಆಕೆ, ಮೇಷ್ಟ್ರ ಹೊಸ ಹಲ್ಲುಸೆಟ್ಟನ್ನು ಮೂರನೇ ಸಲ ಉಜ್ಜಿ ಸರಿಮಾಡುತ್ತಾ. “ನಾನು ಊದೋದನ್ನ ಕೇಳಿದ್ಮೇಲೆ ನನ್ನ ಹಲ್ಲಿನ ಕೆಲಸಾನೇ ಎಷ್ಟೋ ವಾಸಿ ಅನ್ಸುತ್ತೆ ನಿಮಗೆ.”

ಮೇಷ್ಟ್ರ ಬಾಯಿ ತೆರೆದೇ ಇದ್ದುದರಿಂದ ಅವರು ಬೇಡ ಎನ್ನಲಾಗಲಿಲ್ಲ.

ಅವರು ‘ಸ್ವಲ್ಪ’ ಊದುತ್ತಿದ್ದುದು ಎಲ್ಲಿ ಎನ್ನುವುದನ್ನು ಆಕೆಗೆ ಹೇಳಿರಲಿಲ್ಲ. ಮೊದಲನೇ ತಾರಸಿಯಲ್ಲಿ, ಮೂರು ವರ್ಷ, ಅದೇ ಟ್ರಂಪೆಟ್. ರೆಕಾರ್ಡಿನ ಹೊದಿಕೆಯ ಮೇಲೆ ನಾಯಕ ಮತ್ತು ಗಾಯಕಿಯ ಹೆಸರು ಬಿಟ್ಟು ಬೇರೆಯವರದು ಇರಲಿಲ್ಲವಾದ್ದರಿಂದ ಅದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದಿರಲಿ ಎಂದೇ ಮೇಷ್ಟ್ರಿಗೂ ಇತ್ತು.

ಶಾಯಮ್ಮನೂ ಆ ತಂಡದಲ್ಲೇ ಇದ್ದವಳು. ನುಡಿಸುವವಳಲ್ಲ, ಬರೆಯುವವಳು. ನಾಯಕ ಇಡೀ ಹಾಡನ್ನು ಒಂದು ದೊಡ್ಡ ಹಾಳೆಯಲ್ಲಿ ಬರೆದು ಕೊಡುತ್ತಿದ್ದ. ಅದರಿಂದ ಗಿಟಾರಿಗೆ ಗಿಟಾರಿನದು, ಪಿಟೀಲಿಗೆ ಪಿಟೀಲಿನದು ಎಂದು ಒಬ್ಬೊಬ್ಬರ ಪಾಲನ್ನು ಬೇರೆ ಬೇರೆ ಹಾಳೆಗೆ ಕೈಯಲ್ಲಿ ಇಳಿಸಿ ಕೊಡುವುದು ಅವಳ ಕೆಲಸ. ಬೆರಳಿಗೆ ಸದಾ ಮಸಿ ಅಂಟಿರುತ್ತಿದ್ದುದರಿಂದ ಎಲ್ಲರೂ ‘ಶಾಯಿ’ ಎಂದರು; ವಯಸ್ಸಾದ ಮೇಲೆ ಅದಕ್ಕೆ ಒಂದು ‘ಅಮ್ಮ’ ಸೇರಿಕೊಂಡಿತು. ಹಾಳೆಯಲ್ಲಿ ನಾಲ್ಕು ಎಣಿಕೆಗೆ ಒಂದು ಚೌಕ. ಆ ಚೌಕವನ್ನು ಅವರೆಲ್ಲ ‘ಮನೆ’ ಎನ್ನುತ್ತಿದ್ದರು. ಸ್ವರವಿದ್ದರೆ ತುಂಬಿದ ಮನೆ, ನುಡಿಸದೆ ಎಣಿಸಿಕೊಂಡು ಕೂರಬೇಕಾದರೆ ಖಾಲಿ ಮನೆ.

“ತುಂಬಿದ ಮನೆಗೆ ಯಾರು ಬೇಕಾದ್ರೂ ಹೋಗ್ತಾರೆ. ಖಾಲಿ ಮನೆ ಕಾಯೋದೇ ಕಷ್ಟ,” ಎನ್ನುತ್ತಿದ್ದ ಟ್ರಂಪೆಟ್ಟಿನ ಹುಡುಗ ಆಗ.

‘ಕೊನೆಯ ಬಸ್ಸು’ ಎಂಬ ಹಾಡಿನಲ್ಲಿ ಅವನು ಹದಿನಾರು ಖಾಲಿ ಮನೆ ಕಾಯಬೇಕಿತ್ತು. ನಿಲ್ದಾಣದಲ್ಲಿ ಒಬ್ಬಳು ನಿಂತು, ಬಸ್ಸು ಇನ್ನು ಬರುವುದಿಲ್ಲ ಎಂದು ಎರಡು ನುಡಿ ಕೊರಗುತ್ತಾಳೆ. ಅದಾದ ಮೇಲೆ ಬಸ್ಸಿನ ಹಾರನ್ನಿನಂತೆ ಟ್ರಂಪೆಟ್ ಬರಬೇಕು. ನಾಯಕನ ಹಾಳೆಯಲ್ಲಿ ಆ ಹದಿನಾರು ಮನೆಗಳು ಒಂದು ಸಾಲಿಗೆ ಎಂಟರಂತೆ ಎರಡು ಸಾಲಾಗಿದ್ದವು. ಎರಡೂ ಸಾಲು ಅವಳಿಜವಳಿ. ಶಾಯಿ ಒಂದು ಸಾಲು ಬರೆದಳು. ಆಮೇಲೆ ಯಾಕೋ ಕಣ್ಣು ಎತ್ತಿದಳು. ಮತ್ತೆ ಹಾಳೆಗೆ ಇಳಿದ ಕಣ್ಣು ಎರಡನೇ ಸಾಲಿನ ತುದಿಗೆ ಹೋಗಿ ಕೂತಿತು. ನಕಲು ಬರೆಯುವವರಿಗೆ ಮಾತ್ರ ಬರುವ ಕಾಯಿಲೆ ಇದು. ಹಾಳೆಗಳು ಮಸಿ ಆರುವ ಮೊದಲೇ ಧ್ವನಿಮುದ್ರಣದ ಕೋಣೆಗೆ ಹೋದವು. ಅಭ್ಯಾಸಕ್ಕೆ ಸಮಯವಿರಲಿಲ್ಲ. ಗಾಯಕಿ ಎರಡನೇ ನುಡಿಯ ಮೊದಲ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಟ್ರಂಪೆಟ್ ಒಂಟಿಯಾಗಿ, ಗಟ್ಟಿಯಾಗಿ ಕೂಗಿತು. ಆಕೆ ಬೆಚ್ಚಿ, ನಕ್ಕು, ಜಾಣತನದಿಂದ ಕೊನೆಯ ನುಡಿಗೆ ಹಾರಿಕೊಂಡಳು. ಉಳಿದವರು ಹಿಂದೆಯೇ ಓಡಿದರು. ಕೋಣೆಯ ಬಾಡಿಗೆಯ ವೇಳೆ ಮುಗಿದಿತ್ತು. ಹಾಡು ಹಾಗೆಯೇ ಹೊರಬಿತ್ತು.

“ಹದಿನಾರು ಎಣಿಸೋಕೆ ಬರದವನಿಗೆ ಟ್ರಂಪೆಟ್ ಯಾಕಯ್ಯಾ?” ಎಂದ ನಾಯಕ, ಎಲ್ಲರೆದುರಿಗೆ.

“ಒಂದು ಸಾಲು ಕಣ್ಣು ತಪ್ಪಿತು,” ಎಂದ ಹುಡುಗ, ಹಾಳೆಯ ಕಡೆ ತಿರುಗಿಯೂ ನೋಡದೆ. ಅವನಿಗೆ ತನ್ನ ಮೇಲೆ ಅಷ್ಟು ಅನುಮಾನ, ಅವಳ ಬರಹದ ಮೇಲೆ ಅಷ್ಟು ನಂಬಿಕೆ.

ಹಾಳೆಗಳನ್ನು ಒಟ್ಟುಮಾಡುವಾಗ ಶಾಯಿ ತಪ್ಪನ್ನು ಕಂಡಳು. ಆ ಒಂದು ಹಾಳೆಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಹುಡುಗ ಆ ವಾರವೇ ತಂಡ ಬಿಟ್ಟ. “ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ,” ಎಂದ. ಶಾಲೆಯೊಂದರಲ್ಲಿ ಮಕ್ಕಳಿಗೆ ವಾದ್ಯ ಕಲಿಸುವ ಕೆಲಸ ಹಿಡಿದು ಮೇಷ್ಟ್ರಾದ. ಆರು ತಿಂಗಳಿಗೆ ಬಂದು, “ನಿನ್ನ ಬರಹ ಕಾಣದೆ ಬೇಜಾರಾಗಿದೆ, ಮದುವೆ ಆಗ್ತೀಯಾ?” ಎಂದು ಕೇಳಿದ. ಅವಳು ಹೇಳಬೇಕಾದುದನ್ನು ಹೇಳದೆ, ಆಗಲಿ ಎಂದಳು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಮೇಷ್ಟ್ರು, “ಮನೆಯಲ್ಲಿ ಆ ಒಂದು ಹಾಡಿನ ಸುದ್ದಿ ಬೇಡ,” ಎಂದುಬಿಟ್ಟರು. ಬಾಯಲ್ಲಿಟ್ಟ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಹಾಗೆ ನಲವತ್ತು ವರ್ಷ. ಅಷ್ಟು ಕಾಲವೂ ಮೇಷ್ಟ್ರು ಪತ್ರಿಕೆಯನ್ನು ಸಾಲಿನ ಕೆಳಗೆ ಬೆರಳಿಟ್ಟೇ ಓದಿದರು. ಮೆಟ್ಟಿಲನ್ನು ಎಣಿಸಿಯೇ ಇಳಿದರು, ಬೀಗವನ್ನು ಎರಡು ಸಲ ಎಳೆದು ನೋಡಿದರು. ನೋಡಿದವರು ಮೇಷ್ಟ್ರ ಶಿಸ್ತು ಎಂದು ಹೊಗಳುತ್ತಿದ್ದರು. ಶಾಯಮ್ಮನಿಗೆ ಮಾತ್ರ ಅದು ಯಾವ ಗಾಯದ ಗುರುತು ಎಂದು ಗೊತ್ತಿತ್ತು.

ಶನಿವಾರ ಸಂಜೆ ಅವಳು ಬಾಯಿ ಬಿಟ್ಟಳು.

“ರೀ, ಆ ಮಗು ನಿಮ್ಮ ಹಲ್ಲನ್ನ ಮೂರು ಸಲ ಉಜ್ಜಿದೆ. ಪ್ರತಿ ಸಲ ಕೈ ಬಿಸಿನೀರಲ್ಲಿ ಅದ್ದಿ ಬೆಚ್ಚಗೆ ಮಾಡ್ಕೊಂಡು ಬಾಯಿ ಮುಟ್ತಿತ್ತು, ನಾನು ನೋಡಿದೀನಿ. ಅದಕ್ಕೋಸ್ಕರ ಎರಡು ಗಂಟೆ ಕೂತ್ಕೊಳ್ಳೋಕೆ ಆಗಲ್ವಾ?”

ಮೇಷ್ಟ್ರು ಬಹಳ ಹೊತ್ತು ಪತ್ರಿಕೆಯ ಒಂದೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತರು. “ರೆಕಾರ್ಡಲ್ಲಿ ಅದು ಒಂಬತ್ತನೇದು,” ಎಂದರು ಕೊನೆಗೆ. “ಇವರು ಅದೇ ಕ್ರಮದಲ್ಲಿ ನುಡಿಸ್ತಾರಂತೆ. ಎಂಟು ಆದ್ಮೇಲೆ ನಾನು ಎದ್ದು ಹೊರಗೆ ಹೋಗ್ತೀನಿ. ಕೇಳಿದ್ರೆ ಬಾತ್‌ರೂಮಿಗೆ ಅನ್ನು. ಈ ವಯಸ್ಸಲ್ಲಿ ಯಾರೂ ಅನುಮಾನ ಪಡಲ್ಲ.”

ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಮಗಳು ಭಾನುವಾರ ಅಪ್ಪನ ಕೋಟನ್ನು ಇಸ್ತ್ರಿ ಮಾಡಿ ಕೊಟ್ಟಳು. “ಏನಪ್ಪಾ, ಮದುವೆ ಗಂಡಿನ ಹಾಗೆ ಕಾಣ್ತಿದೀಯ. ಅಮ್ಮಾ, ಕೈ ಬಿಡಬೇಡ, ಯಾರಾದ್ರೂ ಹಾರಿಸ್ಕೊಂಡು ಹೋದಾರು.”

“ಹಲ್ಲು ಸಮೇತ ಹಾರಿಸ್ಕೊಂಡು ಹೋಗಲಿ. ಇನ್ನೂ ಎರಡು ಕಂತು ಬಾಕಿ ಇದೆ,” ಎಂದಳು ಶಾಯಮ್ಮ.

ಅವರಿಬ್ಬರೂ ನಗುತ್ತಿರುವಾಗಲೇ ಅವಳು ಒಳಗೆ ಹೋಗಿ ಹೊಲಿಗೆಯಂತ್ರದ ಕೆಳಗಿನ ಖಾನೆ ಎಳೆದಳು. ಗುಂಡಿಗಳ ಡಬ್ಬಿ, ಝಿಪ್ಪಿನ ತುಂಡು, ಟೇಪು, ಎಲ್ಲದರ ಅಡಿಯಲ್ಲಿ ಆ ಹಾಳೆ. ಮಡಿಕೆಗಳು ಹಳದಿಯಾಗಿದ್ದವು. ಅದನ್ನು ಕೈಚೀಲದಲ್ಲಿ ಕನ್ನಡಕದ ಪೆಟ್ಟಿಗೆಯ ಪಕ್ಕಕ್ಕೆ ಇಟ್ಟಳು. ಕಾರ್ಯಕ್ರಮ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಕೂರಿಸಿ ಹೇಳಿಬಿಡಬೇಕು. ಬೈದರೆ ಬೈಯಲಿ. ಇನ್ನು ಎಷ್ಟು ಭಾನುವಾರ ಉಳಿದಿವೆಯೋ ಯಾರಿಗೆ ಗೊತ್ತು.

ಪುರಭವನದ ಮೆಟ್ಟಿಲು ಹದಿನೆಂಟು. ಮೇಷ್ಟ್ರು ಎಣಿಸಿ ಹೇಳಿದರು. ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ಹೆಂಗಸು ಇಬ್ಬರ ಮುಖ ನೋಡಿ, ಅವರು ಕೇಳುವ ಮೊದಲೇ, “ನಿಮಗೆ ದಾರಿ ಪಕ್ಕದ ಕುರ್ಚಿ ಬೇಕಲ್ವಾ? ಅಲ್ಲಿ ಕಾಲು ಚಾಚ್ಬಹುದು,” ಎಂದು ಸ್ವತಃ ಬಂದು ಕೂರಿಸಿದಳು. ಪಕ್ಕದಲ್ಲಿ ಒಬ್ಬ ದಪ್ಪ ಮನುಷ್ಯ ಆಗಲೇ ಕೂತಿದ್ದ. ಟ್ಯಾಕ್ಸಿ ಓಡಿಸುವವನಂತೆ; ಕೇಳದಿದ್ದರೂ ಎರಡೇ ನಿಮಿಷದಲ್ಲಿ ಎಲ್ಲ ಹೇಳಿದ. ಇದು ಅವನಿಗೆ ಆರನೇ ಸಲವಂತೆ. ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಇಬ್ಬರಿಗೂ ಕೊಟ್ಟ.

ದೀಪ ಆರಿತು. ಕತ್ತಲಲ್ಲಿ ಯಾರೋ ನಾಲ್ಕು ಸಲ ಮರದ ಕಡ್ಡಿ ತಟ್ಟಿದರು. ಬೆಳಕು ಬಂದಾಗ ಶಾಯಮ್ಮ ಮುಂದಕ್ಕೆ ಬಾಗಿದಳು.

ಏಳು ಜನ. ಅದೇ ತಿಳಿನೀಲಿ ಅಂಗಿ, ಅದೇ ಹಳೆಯ ಮೈಕು. ಪಿಟೀಲಿನವನು ಹಾಡು ಶುರುವಾಗುವ ಮುಂಚೆ ಕಿವಿ ಕೆರೆದುಕೊಳ್ಳುವುದು ಕೂಡ ಅದೇ. ಸೋಗು ಹಾಕಿ ನಗಿಸುವವರಲ್ಲ ಇವರು. ಮೊದಲ ಹಾಡಿನ ಮೊದಲ ಸ್ವರ ಬಿದ್ದ ಕೂಡಲೇ ಗೊತ್ತಾಯಿತು. ಗಿಟಾರು ಒಂದು ಎಳೆ ಹಿಂದೆ, ಡ್ರಮ್ಮು ಒಂದು ಎಳೆ ಮುಂದೆ, ನಡುವೆ ಗಾಯಕಿಯ ದನಿ ಒಣಗಿಹಾಕಿದ ಬಟ್ಟೆಯ ಹಾಗೆ ಹಗುರವಾಗಿ ಆಡುವುದು. ಆ ಸಡಿಲವನ್ನು ಕಟ್ಟುವುದಕ್ಕೆ ಅವರು ಎಷ್ಟು ಭಾನುವಾರ ಸವೆಸಿರಬೇಕು! ನಾಲ್ಕನೇ ಹಾಡಿನ ಮಧ್ಯೆ ಹಿಂದೆಲ್ಲೋ ಒಂದು ತಟ್ಟೆ ಬಿದ್ದ ಸದ್ದಾಯಿತು. ಶಾಯಮ್ಮ ಬೆಚ್ಚಿದಳು, ಆಮೇಲೆ ನೆನಪಾಗಿ ನಗು ಬಂತು. ರೆಕಾರ್ಡಿನಲ್ಲೂ ಅಲ್ಲಿ ತಟ್ಟೆ ಬಿದ್ದಿತ್ತು, ಕೆಳಗಿನ ಬೇಕರಿಯವನದು. ಇವರು ತಟ್ಟೆಯನ್ನೂ ಕಲಿತು ಬಂದಿದ್ದರು.

“ಲೇ, ಅವಳ ಕಾಲು ನೋಡು,” ಎಂದು ಮೇಷ್ಟ್ರು ಪಿಸುಗುಟ್ಟಿದರು.

ಡಾಕ್ಟರಮ್ಮ ಎಡಗಾಲು ಮುಂದಿಟ್ಟು, ಬಲಗಾಲನ್ನು ಹಿಂದೆ ಮರೆಮಾಡಿಕೊಂಡು ಊದುತ್ತಿದ್ದಳು.

“ಯಾವ್ದೋ ಫೋಟೋ ನೋಡಿ ಕಲ್ತಿರಬೇಕು. ನಾನು ಹಾಗೆ ನಿಂತಿದ್ದು ಬಲಗಾಲಿನ ಬೂಟು ತೂತಾಗಿತ್ತು ಅಂತ. ಪಾಪ, ಆ ಮಗೂದು ಹೊಸ ಬೂಟು.”

ಅವರ ಬೆರಳುಗಳು ಮೊಣಕಾಲಿನ ಮೇಲೆ ಕುಣಿಯುತ್ತಿದ್ದವು, ಇಲ್ಲದ ಟ್ರಂಪೆಟ್ಟಿನ ಮೂರು ಗುಂಡಿಗಳನ್ನು ಒತ್ತುತ್ತಾ. ಒಂದು ಕಡೆ ಡಾಕ್ಟರಮ್ಮ ಮೇಲಿನ ಸ್ವರಕ್ಕೆ ಜಾರದೆ ನೆಟ್ಟಗೆ ಹೋಗಿ ನಿಂತಾಗ ಅವರ ಗಂಟಲಿನಿಂದ ‘ಹ್ಞಾ’ ಎಂದು ಹೊರಟಿತು, ಮುಂದಿನ ಸಾಲಿನವರು ತಿರುಗಿ ನೋಡಿ ನಕ್ಕರು. ಶಾಯಮ್ಮ ವೇದಿಕೆಯನ್ನು ಅರ್ಧ, ಗಂಡನನ್ನು ಅರ್ಧ ನೋಡಿದಳು. ಈ ಮುಖವನ್ನು ಅವಳು ಕೊನೆಯ ಸಲ ನೋಡಿದ್ದು ಆ ತಾರಸಿಯ ಮೇಲೆ.

ಆಗ ಗಿಟಾರು ಒಂದೇ ತಂತಿಯಲ್ಲಿ ಟಿಕ್ ಟಿಕ್ ಎಂದು ಗಡಿಯಾರದ ಹಾಗೆ ಶುರುವಾಯಿತು.

ಮೇಷ್ಟ್ರ ಬೆರಳು ನಿಂತಿತು. ಎಲ್ಲವನ್ನೂ ಎಣಿಸುವ ಮನುಷ್ಯ ಹಾಡುಗಳನ್ನು ಎಣಿಸುವುದನ್ನೇ ಮರೆತಿದ್ದರು. ಇದು ಒಂಬತ್ತನೆಯದು.

ಅವರು ಕುರ್ಚಿಯ ಕೈ ಹಿಡಿದು ಏಳಲು ಹೋದರು. ಶಾಯಮ್ಮ ಕೋಟಿನ ಅಂಚನ್ನು ಹಿಡಿದುಕೊಂಡಳು. ಏಕೆ ಎಂದು ಅವಳಿಗೇ ತಿಳಿಯಲಿಲ್ಲ. ಕೈ ತಾನಾಗಿ ಹೋಯಿತು.

“ಬಿಡೇ,” ಎಂದರು ಅವರು.

“ಕೂತ್ಕೊಳ್ಳಿ ಸರ್, ಕೂತ್ಕೊಳ್ಳಿ,” ಎಂದ ಟ್ಯಾಕ್ಸಿಯವನು, ಅವರ ಮೊಣಕೈ ಹಿಡಿದು ಮೆತ್ತಗೆ ಕೂರಿಸುತ್ತಾ. “ಈಗ ಹೋದ್ರೆ ಬಂದಿದ್ದೇ ದಂಡ. ಮುಂದೆ ಟ್ರಂಪೆಟ್ ಬರುತ್ತಲ್ಲ, ನಾನು ಆರು ಸಲ ಬಂದಿರೋದೇ ಅದಕ್ಕೆ. ನಮ್ಮಮ್ಮ ಮನೇಲಿ ಏನೇ ಕಷ್ಟ ಬಂದ್ರೂ ಅಂತಿದ್ರು, ‘ಅಳಬೇಡ ಮಗಾ, ಎಂಟು ಎಣಿಸು, ಬರುತ್ತೆ’ ಅಂತ.”

ಮೇಷ್ಟ್ರು ಅವನನ್ನೇ ನೋಡಿದರು.

ಗಾಯಕಿ ಮೊದಲ ನುಡಿ ಎತ್ತಿಕೊಂಡಳು. ಸಭಾಂಗಣದಲ್ಲಿ ಏನೋ ಸರಿದಾಡಿದಂತಾಯಿತು. ಮುಂದಿನ ಸಾಲಿನವರು ನೆಟ್ಟಗೆ ಕೂತರು. ಮೇಲಿನ ಮಹಡಿಯಲ್ಲಿ ಜನ ಎದ್ದು ನಿಂತರು. ಯಾರೂ ಹೇಳಿಕೊಡದೆ, ಎಲ್ಲರೂ ಉಸಿರಿನಲ್ಲೇ ಎಣಿಸತೊಡಗಿದರು, ಮೊದಲ ಮನೆ, ಎರಡನೇ ಮನೆ, ಬೆರಳುಗಳು ಒಂದೊಂದಾಗಿ ಮೇಲೆ ಬಂದವು. ಐದು. ಆರು. ಏಳು. ಎಂಟನೆಯ ಮನೆ ದಾಟಿ ಗಾಯಕಿ ಕೊರಗಲು ಬಾಯಿ ತೆರೆದಳು, ಟ್ರಂಪೆಟ್ ಕೂಗಿತು, ಸಾವಿರ ಜನ ಒಂದೇ ಕೊರಳಿನಲ್ಲಿ “ಬಂತು!” ಎಂದರು.

ಗಾಯಕಿ ನಕ್ಕಳು. ರೆಕಾರ್ಡಿನ ಅದೇ ನಗು, ಅದೇ ಜಾಗದಲ್ಲಿ. ಇಡೀ ಭವನ ಅವಳ ಜೊತೆ ನಕ್ಕಿತು. ಟ್ಯಾಕ್ಸಿಯವನು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದ. ಬರುವುದೇ ಇಲ್ಲ ಎಂದುಕೊಂಡ ಬಸ್ಸು ಹೊತ್ತಿಗೆ ಮುಂಚೆ ಬಂದುಬಿಟ್ಟಿತ್ತು; ಇಷ್ಟೂ ಜನರಿಗೆ ಆ ಹಾಡೆಂದರೆ ಅದೇ ಆಗಿತ್ತು. ಮನೆಯಲ್ಲಿ ಅದರ ಸುದ್ದಿ ಎತ್ತದ ಇಬ್ಬರಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಮೇಷ್ಟ್ರು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಮೊದಲ ಸಲ ಬಿಸಿಲು ಕಂಡ ಕೂಸಿನಂತೆ ಕಣ್ಣು ಮಿಟುಕಿಸುತ್ತಾ ಕೂತಿದ್ದರು.

“ನನ್ನದು,” ಎಂದರು ತುಟಿಯಲ್ಲೇ. “ಲೇ, ಅದು ನನ್ನದು ಕಣೇ.”

ಶಾಯಮ್ಮ ಕೈಚೀಲವನ್ನು ಒತ್ತಿ ಹಿಡಿದಳು. ಇಷ್ಟು ಹೊತ್ತು ಹೇಳಲು ಧೈರ್ಯವಿರಲಿಲ್ಲ. ಈಗ ಧೈರ್ಯವಿದೆ, ಹೇಳಲು ಮನಸ್ಸಿಲ್ಲ. ತಪ್ಪಾಗಿದ್ದಾಗ ನಲವತ್ತು ವರ್ಷ ಅವರ ತಲೆಗೆ ಬಿಟ್ಟು, ಅದು ಹೂವಾದ ದಿನ ನನ್ನದು ಎಂದು ಕೇಳುವುದೇ? ಮಗುವಿನ ಕೈಯ ಮಿಠಾಯಿ ಕಸಿದ ಹಾಗೆ. ಬೇಡ. ಹಾಳೆ ಮತ್ತೆ ಗುಂಡಿಗಳ ಡಬ್ಬಿಯ ಅಡಿಗೇ ಹೋಗಲಿ. ಹಾಗೆಂದು ಮನಸ್ಸು ಗಟ್ಟಿ ಮಾಡಿಕೊಂಡ ಮೇಲೆ ಅವಳೂ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದಳು.

ಮುಗಿದ ಮೇಲೆ ಡಾಕ್ಟರಮ್ಮನನ್ನು ಮಾತಾಡಿಸದೆ ಹೋಗಲು ಮೇಷ್ಟ್ರೇ ಒಪ್ಪಲಿಲ್ಲ. ವೇದಿಕೆಯ ಹಿಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಕನ್ನಡಿ, ಚಹಾದ ಫ್ಲಾಸ್ಕು, ನೆಲದ ತುಂಬ ವೈರು. ಆರೂವರೆಗೆ ಇನ್ನೊಂದು ಆಟವಿತ್ತು. ಡಾಕ್ಟರಮ್ಮ ತುಟಿಗೆ ಒದ್ದೆ ಬಟ್ಟೆ ಒತ್ತಿಕೊಂಡಿದ್ದಳು.

“ಸರ್, ಬಂದ್ರಾ! ಹಲ್ಲು ಹೇಗಿದೆ?”

“ಹಲ್ಲು ಇರಲಿ ಡಾಕ್ಟರಮ್ಮ. ಬಲಗಾಲು ಯಾಕೆ ಹಿಂದಿಟ್ಕೊಂಡು ನಿಂತ್ರಿ?”

“ಮೊದಲಿನವರು ಹಾಗೇ ನಿಲ್ತಿದ್ರು ಸರ್. ಉಸಿರಿಗೆ ಅನುಕೂಲ ಇರಬೇಕು.”

“ಉಸಿರೂ ಇಲ್ಲ, ಗಿಸಿರೂ ಇಲ್ಲ. ನನ್ನ ಬೂಟು ತೂತಾಗಿತ್ತು.”

ಡಾಕ್ಟರಮ್ಮ ಒದ್ದೆ ಬಟ್ಟೆ ಕೆಳಗಿಟ್ಟಳು. “ನೀವಾ? ಮೂರು ತಿಂಗಳು ನಿಮ್ಮ ಬಾಯೊಳಗೆ ಟಾರ್ಚು ಬಿಟ್ಟು ನೋಡಿದೀನಲ್ಲ ಸರ್, ಒಂದು ಮಾತು ಹೇಳಬಾರದಿತ್ತಾ?”

“ನೀವು ಬಾಯಿ ಮುಚ್ಚೋಕೆ ಬಿಟ್ರೆ ತಾನೇ ಹೇಳೋದು?”

ನಗು ಎದ್ದಿತು. ಯಾರೋ ಕುರ್ಚಿ ತಂದರು, ಯಾರೋ ಅದರ ಮೇಲಿದ್ದ ಪಿಟೀಲಿನ ಪೆಟ್ಟಿಗೆ ತೆಗೆದರು. ಗಿಟಾರು ನುಡಿಸುವ ಗಣಿತದ ಮೇಷ್ಟ್ರಿಗೆ ಕಾಯುವ ತಾಳ್ಮೆ ಇರಲಿಲ್ಲ.

“ಸರ್, ಒಂದೇ ಒಂದು ಪ್ರಶ್ನೆ. ಎಂಟಕ್ಕೆ ಬರಬೇಕು ಅನ್ನೋದು ಯಾರ ಯೋಚನೆ? ಮಿಕ್ಕ ಹಾಡುಗಳಲ್ಲೆಲ್ಲ ಹದಿನಾರು ಇದೆ. ಅಲ್ಲೊಂದು ಕಡೆ ಮುರಿದಿದ್ದಾರೆ ಅಂದ್ರೆ ಅದರ ಹಿಂದೆ ದೊಡ್ಡ ಲೆಕ್ಕಾಚಾರ ಇರ್ಲೇಬೇಕು. ಮೂರು ವರ್ಷದಿಂದ ನಾವು ಜಗಳ ಆಡ್ತಿದೀವಿ.”

ಮೇಷ್ಟ್ರ ಮುಖದ ನಗು ಹಾಗೆಯೇ ಇತ್ತು, ಆದರೆ ಕಣ್ಣು ಕೆಳಗಿಳಿಯಿತು. ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಅದು ಅವರಿಗೆ ಬರುತ್ತಿರಲಿಲ್ಲ.

“ಲೆಕ್ಕಾಚಾರ ಅಲ್ಲಪ್ಪ, ಲೆಕ್ಕ ತಪ್ಪಿದ್ದು,” ಎಂದರು. “ಒಂದು ಸಾಲು ನನ್ನ ಕಣ್ಣು ತಪ್ಪಿತು. ನಾನು ಎಣಿಸಿದ್ದೇ ತಪ್ಪು. ಅದಕ್ಕೇ ತಂಡ ಬಿಟ್ಟೆ.”

ಮೇಷ್ಟ್ರ ಬೆರಳು ಮೊಣಕಾಲಿನ ಮೇಲೆ ಪ್ಯಾಂಟಿನ ಮಡಿಕೆ ನೀವುತ್ತಿತ್ತು. ಸ್ವಲ್ಪ ಮುಂಚೆ ‘ನನ್ನದು’ ಎಂದ ಮನುಷ್ಯ ಮತ್ತೆ ಆ ಹಳೆಯ ಕೋಣೆಯಲ್ಲಿ ನಾಯಕನೆದುರು ನಿಂತಿದ್ದ ಹುಡುಗನಾಗಿದ್ದ.

ಹೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದ ಶಾಯಮ್ಮನ ಮನಸ್ಸು ಅಲ್ಲಿಗೆ ಕರಗಿತು.

“ಅವರು ಸರಿಯಾಗೇ ಎಣಿಸಿದ್ರು,” ಎಂದಳು.

ಎಲ್ಲರೂ ತಿರುಗಿದರು. ಅವಳು ಕೈಚೀಲ ತೆರೆದು ಹಾಳೆಯನ್ನು ತೆಗೆದು, ಮಡಿಕೆ ಹರಿಯದ ಹಾಗೆ ಬಿಡಿಸಿ ಮೇಜಿನ ಮೇಲಿಟ್ಟಳು.

“ಹಾಳೇಲಿ ಎಂಟೇ ಇದೆ. ಬರೆದವಳು ನಾನು. ಹದಿನಾರು ಬರೀಬೇಕಿತ್ತು.”

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಖಾಲಿ ಮನೆಗಳ ಮೇಲೆ ಬೆರಳಿಟ್ಟು ಎಣಿಸಿದರು. ಎಂಟು. ಹಿಂದಿನಿಂದ ಎಣಿಸಿದರು. ಎಂಟು. ಕೆಳಗೆ ಇನ್ನೊಂದು ಸಾಲು ಇದೆಯೋ ಎಂದು ಹಾಳೆಯನ್ನು ತಿರುಗಿಸಿ ಬೆನ್ನನ್ನೂ ನೋಡಿದರು.

“ಇದು ಎಲ್ಲಿತ್ತು?”

“ಹೊಲಿಗೆ ಮಿಷನ್ನಿನ ಖಾನೇಲಿ.”

“ನಲವತ್ತು ವರ್ಷಾನಾ?”

“ನಲವತ್ತೊಂದು.”

ಅಂಚೆಯವನು, ಡ್ರಮ್ಮು ಬಾರಿಸುವವನು, ಸುತ್ತಿಟ್ಟಿದ್ದ ವೈರೊಂದನ್ನು ಬಿಚ್ಚಿ ಮತ್ತೆ ಸುತ್ತುವುದಕ್ಕೆ ಶುರುಮಾಡಿದ. ಅದನ್ನು ನೋಡಿ ಉಳಿದವರೂ ತಮ್ಮ ತಮ್ಮ ವಾದ್ಯದ ಕಡೆ ಮುಖ ತಿರುಗಿಸಿಕೊಂಡರು. ಅಷ್ಟು ಸಣ್ಣ ಕೋಣೆಯಲ್ಲಿ ಗಂಡ ಹೆಂಡತಿಗೆ ಅವರು ಅಷ್ಟು ಜಾಗ ಮಾಡಿಕೊಟ್ಟದ್ದನ್ನು ಶಾಯಮ್ಮ ಮುಂದೆಂದೂ ಮರೆಯಲಿಲ್ಲ.

“ಒಂದು ಮಾತು ಹೇಳಬಹುದಿತ್ತಲ್ಲೇ,” ಎಂದರು ಮೇಷ್ಟ್ರು. “ನಾನು ಮೆಟ್ಟಿಲು ಎಣಿಸೋದನ್ನ ನೀನು ದಿನಾ ನೋಡ್ತಿದ್ದೆ.”

“ನೋಡ್ತಿದ್ದೆ. ಹೇಳಬಹುದಿತ್ತು. ಮೊದಲು ಕೆಲಸ ಹೋಗುತ್ತೆ ಅಂತ ಭಯ ಆಯ್ತು. ಆಮೇಲೆ ನೀವು ಹೋಗ್ತೀರಿ ಅಂತ.”

“ನಾನೆಲ್ಲಿಗೆ ಹೋಗ್ತಿದ್ದೆ?” ಎಂದು ಅವರು ಕೇಳಿದರು, ನಿಜವಾಗಿಯೂ ಉತ್ತರ ಗೊತ್ತಿಲ್ಲದವರ ಹಾಗೆ. ಆಮೇಲೆ ಹಾಳೆಯ ಕಡೆ ನೋಡಿದರು. “ನೀನು ಒಂದು ಚುಕ್ಕೆ ಕೂಡ ಬಿಟ್ಟವಳಲ್ಲ. ಇಡೀ ಸಾಲು ಹೇಗೆ ಬಿಟ್ಟೆ?”

ಶಾಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅರವತ್ತೈದರ ಹೆಂಗಸಿಗೆ ಆ ಕೋಣೆಯಲ್ಲಿ ಕಿವಿ ಬಿಸಿಯಾಯಿತು.

“ನೀವು ಚಹಾ ತಂದಿಟ್ರಿ,” ಎಂದಳು.

“ಯಾವ ಚಹಾ?”

“ಬೆಳಗಿನಿಂದ ಬರೀತಾ ಇದ್ದೆ. ಯಾರಿಗೂ ನಾನೊಬ್ಬಳು ಇದೀನಿ ಅಂತ ನೆನಪಿರಲಿಲ್ಲ. ನೀವು ಒಂದು ಲೋಟ ಚಹಾ ತಂದು, ಮಸಿ ಬಾಟಲಿಗೆ ತಾಗದ ಹಾಗೆ ಆಚೆ ಇಟ್ರಿ. ನಾನು ತಲೆ ಎತ್ತಿ ನಿಮ್ಮನ್ನ ನೋಡ್ದೆ. ತಲೆ ತಗ್ಗಿಸಿದಾಗ ಸಾಲು ತಪ್ಪಿತ್ತು.”

ಮೊದಲು ಮೇಷ್ಟ್ರ ಭುಜ ಅಲುಗಿತು, ಆಮೇಲೆ ಹೊಟ್ಟೆ, ಕೊನೆಗೆ ನಗು ಎಂಥದು ಬಂತೆಂದರೆ ಮೇಲಿನ ಹಲ್ಲುಸೆಟ್ಟು ಟಕ್ಕೆಂದು ಸಡಿಲವಾಗಿ, ಅದನ್ನು ಅಂಗೈಯಲ್ಲಿ ತಡೆದು ಒಳಕ್ಕೆ ಒತ್ತಬೇಕಾಯಿತು. ಡಾಕ್ಟರಮ್ಮ ಓಡಿಬಂದಳು.

“ಹಾಗಾದ್ರೆ ತಪ್ಪು ಚಹಾ ತಂದವನದೇ!” ಎಂದರು ಕಣ್ಣೊರೆಸಿಕೊಳ್ಳುತ್ತಾ. “ನೋಡಪ್ಪ ಲೆಕ್ಕದ ಮೇಷ್ಟ್ರೇ, ಇದೇ ನಿಮ್ಮ ದೊಡ್ಡ ಲೆಕ್ಕಾಚಾರ. ಇವಳು ಚಪ್ಪಾಳೆ ಬಿದ್ದ ದಿನ ಪಾಲು ಕೇಳೋಕೆ ಬಂದಿದಾಳೆ.”

“ಪಾಲು ಬೇಡ. ನೀವೇ ಇಟ್ಕೊಳ್ಳಿ,” ಎಂದಳು ಶಾಯಮ್ಮ.

“ಅರ್ಧ ತಗೋ. ಪೂರ್ತಿ ಹೊರೋಕೆ ನನಗೂ ಸಾಕಾಗಿದೆ.”

ಗಣಿತದ ಮೇಷ್ಟ್ರು ಮೂರು ವರ್ಷದ ತನ್ನ ಸಿದ್ಧಾಂತ ಕೈಬಿಟ್ಟು ಹೋದದ್ದಕ್ಕೆ ಸ್ವಲ್ಪ ಹೊತ್ತು ಪೆಚ್ಚಾಗಿದ್ದು, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕ. ಡಾಕ್ಟರಮ್ಮ ಮಾತ್ರ ಹಾಳೆಯ ಮೇಲೆಯೇ ಬಗ್ಗಿದ್ದಳು. ಅವರೆಲ್ಲ ಇಷ್ಟು ಕಾಲ ಕಿವಿಯಿಂದ ಕೇಳಿ ಬರೆದುಕೊಂಡಿದ್ದ ಹಾಡಿನ ನಿಜವಾದ ಹಾಳೆಯನ್ನು ಅವಳು ನೋಡುತ್ತಿರುವುದು ಇದೇ ಮೊದಲು. ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡಳು.

“ಅಮ್ಮ, ಆರೂವರೆ ಆಟಕ್ಕೆ ಇದನ್ನ ನನ್ನ ಸ್ಟ್ಯಾಂಡಿನ ಮೇಲೆ ಇಟ್ಕೊಳ್ಲಾ?”

“ಮಡಿಕೆ ಹರಿದುಹೋಗುತ್ತೆ ಮಗಳೇ,” ಎಂದಳು ಶಾಯಮ್ಮ. ಆಮೇಲೆ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೇಳಿದಳು, “ಗೆರೆ ಹಾಳೆ ಇದೆಯಾ? ಒಂದು ಮಸಿ ಪೆನ್ನು?”

ಹಾಳೆ ಬಂತು. ಪೆನ್ನು ಬಂತು. ಅಂಚೆಯವನು ಮೇಜಿನ ದೀಪವನ್ನು ಅವಳ ಎಡಗಡೆಗೆ ಸರಿಸಿದ, ಬರೆಯುವ ಕೈಯ ನೆರಳು ಬೀಳದ ಹಾಗೆ. ಮೊದಲ ಗೆರೆ ಸ್ವಲ್ಪ ನಡುಗಿತು, ಎರಡನೆಯದಕ್ಕೆ ಕೈಗೆ ಹಳೆಯ ನೆನಪು ಬಂತು. ತುಂಬಿದ ಮನೆಗಳು ಒಂದೊಂದಾಗಿ ಸಾಲಾಗಿ ಕೂತವು. ಬೆರಳ ತುದಿಗೆ ಮಸಿ ಅಂಟಿತು.

ಖಾಲಿ ಮನೆಗಳ ಸಾಲಿಗೆ ಬಂದಾಗ ಹಿಂದೆ ಹೆಜ್ಜೆ ಸದ್ದಾಯಿತು. ಮೇಷ್ಟ್ರು ಫ್ಲಾಸ್ಕಿನಿಂದ ಕಾಗದದ ಲೋಟಕ್ಕೆ ಚಹಾ ಬಗ್ಗಿಸಿಕೊಂಡು, ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು, ವೈರುಗಳನ್ನು ದಾಟಿಕೊಂಡು ಬರುತ್ತಿದ್ದರು. ಹಾಳೆಗೆ ತಾಗದ ಹಾಗೆ ಆಚೆ ಇಟ್ಟರು.

“ಎಂಟಾಯ್ತಾ?”

“ಆಯ್ತು.”

“ಹಾಗಾದ್ರೆ ತಲೆ ಎತ್ತು.”

ಅವಳು ಎತ್ತಿದಳು.